ಕಲ್ಲಿದ್ದಲ ದಡದ ಕಾಲುದಾರಿ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಡರ್ಹಮ್ ಕೌಂಟಿಯಲ್ಲಿ ಸೀಹ್ಯಾಮ್‌ನಿಂದ ಕ್ರಿಮ್ಡನ್‌ವರೆಗೆ ಸುಮಾರು 18 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ. ಸುಣ್ಣಕಲ್ಲಿನ ಕಡಿದಾದ ದಿಬ್ಬಗಳ ನೆತ್ತಿಯ ಮೇಲೆ ಅದು ಸಾಗುತ್ತದೆ. ನಡುನಡುವೆ ಕಾಡು ತುಂಬಿದ ಕಣಿವೆಗಳಿಗೆ ಇಳಿದು ಮತ್ತೆ ಏರುತ್ತದೆ. ಇಂದು ಜನ ಇಲ್ಲಿಗೆ ಬರುವುದು ಕಡಲು, ಹೂವು, ಚಿಟ್ಟೆ ನೋಡಲು. ಗಣಿಗಳಿದ್ದ ಕಾಲದಲ್ಲಿ ಇಲ್ಲಿನ ದಡಕ್ಕೆ ಇಳಿಯುತ್ತಿದ್ದವರ ಹೆಗಲಲ್ಲಿ ಗೋಣಿಚೀಲವಿರುತ್ತಿತ್ತು.

ಡಾಡನ್, ಈಸಿಂಗ್ಟನ್, ಹಾರ್ಡನ್, ಬ್ಲ್ಯಾಕ್‌ಹಾಲ್ ಗಣಿಗಳೆಲ್ಲ ಕಡಲಂಚಿನಲ್ಲೇ ಇದ್ದವು. ಸುರಂಗಗಳು ಉತ್ತರ ಸಮುದ್ರದ ತಳದಡಿ ಮೈಲುಗಟ್ಟಲೆ ಚಾಚಿದ್ದವು. ಕಲ್ಲಿದ್ದಲಿನ ಜೊತೆ ಬಂದ ಕಲ್ಲುಮಣ್ಣನ್ನು ದಶಕಗಳ ಕಾಲ ದಡಕ್ಕೇ ಸುರಿದರು. ಮರಳು ಕಪ್ಪಾಯಿತು, ನೀರೂ ಕಪ್ಪಾಯಿತು. ಅಲೆಗಳು ಆ ರಾಶಿಯಿಂದ ತೊಳೆದು ಬಿಟ್ಟ ಕಲ್ಲಿದ್ದಲನ್ನು ಊರಿನವರು ಆಯ್ದು, ಒಲೆಗೂ ಮಾರಾಟಕ್ಕೂ ಒಯ್ಯುತ್ತಿದ್ದರು. 1971ರ ‘ಗೆಟ್ ಕಾರ್ಟರ್’ ಚಿತ್ರದ ಕೊನೆಯ ದೃಶ್ಯದಲ್ಲಿ ಕಾಣುವ ಆ ಕರಿ ದಡ ಬ್ಲ್ಯಾಕ್‌ಹಾಲ್‌ನದು.

ಗಣಿಗಳು ಒಂದೊಂದಾಗಿ ನಿಂತವು. 1993ರಲ್ಲಿ ಈಸಿಂಗ್ಟನ್ ಮುಚ್ಚಿತು. 1997ರಲ್ಲಿ ಆರಂಭವಾದ ‘ಟರ್ನಿಂಗ್ ದ ಟೈಡ್’ ಯೋಜನೆ ಸುಮಾರು 13 ಲಕ್ಷ ಟನ್ ತ್ಯಾಜ್ಯವನ್ನು ತೆಗೆಯಿತು. ದಿಬ್ಬದ ಮೇಲಿನ ಹೊಲಗಳು ಮತ್ತೆ ಹುಲ್ಲುಗಾವಲಾದವು, ಕಾಲುದಾರಿ ಸುಸಜ್ಜಿತವಾಯಿತು. ಸುಣ್ಣಕಲ್ಲಿನ ಮಣ್ಣನ್ನೇ ನೆಚ್ಚಿದ ಗಿಡಗಳೂ ಡರ್ಹಮ್ ಆರ್ಗಸ್ ಎಂಬ ಪುಟ್ಟ ಕಂದು ಚಿಟ್ಟೆಯೂ ಇಲ್ಲಿವೆ. ಉಳಿದ ತ್ಯಾಜ್ಯವನ್ನು ಕಡಲೇ ಕೊರೆಯಲೆಂದು ಬಿಟ್ಟರು. ಡಾಡನ್ ಬಳಿಯ ಬ್ಲಾಸ್ಟ್ ಬೀಚ್‌ನಲ್ಲಿ ಆ ಪದರ ಈಗಲೂ ಕಣ್ಣಿಗೆ ಬೀಳುತ್ತದೆ. ಎಲ್ಲವನ್ನೂ ಒರೆಸಿ ಹಾಕದೆ ಬಿಟ್ಟದ್ದು ಒಳ್ಳೆಯದೇ ಆಯಿತು. ಇಲ್ಲಿ ಏನು ನಡೆದಿತ್ತೆಂದು ಹೊಸಬರಿಗೆ ತಿಳಿಯುವುದು ಅದರಿಂದಲೇ.

ದಡ ಶುದ್ಧವಾದಷ್ಟು ಸುಲಭವಾಗಿ ಊರುಗಳು ಚೇತರಿಸಿಕೊಳ್ಳಲಿಲ್ಲ. ಗಣಿಯನ್ನೇ ನಂಬಿ ಕಟ್ಟಿದ ಬೀದಿಗಳಿಗೆ ಗಣಿಯೇ ಇಲ್ಲವಾಯಿತು. ಕೆಲಸ ಕಳೆದುಕೊಂಡವರಿಗೆ ಚಿಟ್ಟೆ, ಹೂವು ಸಂಬಳ ಕೊಡುವುದಿಲ್ಲ. ಆದ್ದರಿಂದ ಈ ದಾರಿಯನ್ನು ಬರೀ ಚೆಲುವಿನ ದಾರಿ ಎಂದು ಬಣ್ಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಈಸಿಂಗ್ಟನ್‌ನ ಹಳೆಯ ಗಣಿಯ ಜಾಗದಲ್ಲಿ, ಕಾರ್ಮಿಕರನ್ನು ಕೆಳಗಿಳಿಸುತ್ತಿದ್ದ ಕಬ್ಬಿಣದ ಪಂಜರವನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. 1951ರ ಮೇ 29ರಂದು ಈ ಗಣಿಯಲ್ಲಾದ ಸ್ಫೋಟ, ರಕ್ಷಣೆಗೆ ಇಳಿದ ಇಬ್ಬರೂ ಸೇರಿ 83 ಜನರನ್ನು ಬಲಿ ತೆಗೆದುಕೊಂಡಿತ್ತು. ನಡೆಯಲು ಹೋದವರು ಈ ಜಾಗವನ್ನು ನೋಡದೆ ಮುಂದೆ ಹೋಗಬಾರದು.

2020ರಲ್ಲಿ ಹಾರ್ಡನ್‌ನಲ್ಲಿ ರೈಲು ನಿಲ್ದಾಣ ತೆರೆದಿದೆ; ನ್ಯೂಕಾಸಲ್ ಕಡೆಯಿಂದ ಬರುವವರು ಅಲ್ಲಿಳಿದು ನಡೆಯಬಹುದು.