ಪೆನ್ ಡ್ರೈವ್ ಜೇಬಿನಲ್ಲಿ, ಲೆಕ್ಕ ಗಾಳಿಯಲ್ಲಿ

ಕೆಲವು ವರ್ಷಗಳ ಹಿಂದೆ, ವಾರ್ಷಿಕ ಜಿಎಸ್‌ಟಿ ವಿವರಪಟ್ಟಿಯ ಗಡುವು ಸಮೀಪಿಸಿದ್ದ ಸಮಯ. ಮಂಡ್ಯದ ಗೊಬ್ಬರ ಮತ್ತು ಕೀಟನಾಶಕಗಳ ವರ್ತಕರೊಬ್ಬರು ನಮ್ಮ ಕಚೇರಿಗೆ ಬಂದು, ಜೇಬಿನಿಂದ ಪೆನ್ ಡ್ರೈವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಗಲು ಮಂಡ್ಯದ ಅಂಗಡಿಯಲ್ಲಿ, ರಾತ್ರಿ ಮದ್ದೂರಿನ ಮನೆಯಲ್ಲಿ ಅದೇ ಡ್ರೈವ್‌ನಲ್ಲಿ ಲೆಕ್ಕ ಬರೆಯುವುದು ಅವರ ರೂಢಿ. ಮಳವಳ್ಳಿ ಶಾಖೆಯ ಬಿಲ್ಲುಗಳೂ ಅದರಲ್ಲಿಯೇ ಸೇರುತ್ತಿದ್ದವು. ಅಂದು ಗಣಕಯಂತ್ರಕ್ಕೆ ಜೋಡಿಸಿದಾಗ, ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆಯ ಹೊರತು ಬೇರೇನೂ ಕಾಣಲಿಲ್ಲ. ಮೂರು ವರ್ಷಗಳ ಲೆಕ್ಕಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಮಾರಾಟದ ಮೊತ್ತಗಳು ಜಿಎಸ್‌ಟಿ ಜಾಲತಾಣದಲ್ಲಿಯೂ, ಹಣದ ವಹಿವಾಟು ಬ್ಯಾಂಕಿನ ಪಟ್ಟಿಯಲ್ಲಿಯೂ ದೊರೆತವು. ಆದರೆ ಕಬ್ಬಿನ ಹಣ ಕೈಸೇರಿದ ಮೇಲೆ ತೀರಿಸುವುದಾಗಿ ರೈತರು ಒಯ್ದ ಉದ್ರಿಯ ಲೆಕ್ಕ ಯಾವ ಜಾಲತಾಣದಲ್ಲಿದೆ? ಬಹುಪಾಲು ರೈತರು ಚೀಟಿ ತಂದು ತೋರಿಸಿದರು. ಚೀಟಿ ಕಳೆದುಕೊಂಡವರಲ್ಲಿ ಬಾಕಿ ಕೇಳಲು ವರ್ತಕರಿಗೆ ಬಾಯಿ ಬರಲಿಲ್ಲ. ಕಂತು ಕಟ್ಟಿಯೂ ರುಜುವಾತಿಲ್ಲದ ರೈತರ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಪೆನ್ ಡ್ರೈವ್ ಕೆಡುವುದೇಕೆ?

2000ದ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ಸಾಧನ ಮಾಹಿತಿಯನ್ನು ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ. ಅಳಿಸಿ ಬರೆದಂತೆಲ್ಲ ಕೋಶಗಳು ಸವೆಯುತ್ತವೆ. ವರ್ಷಗಟ್ಟಲೆ ಬಳಸದೆ ಬೀರುವಿನಲ್ಲಿಟ್ಟರೂ ಆವೇಶ ಮೆಲ್ಲನೆ ಸೋರಿಹೋಗಬಹುದು. ಬರೆಯುತ್ತಿರುವಾಗಲೇ ಕಿತ್ತರೆ ಅಥವಾ ವಿದ್ಯುತ್ ಹೋದರೆ ಕಡತಗಳ ಪಟ್ಟಿಯೇ ಹಾಳಾಗುತ್ತದೆ. ಅಗ್ಗದ ಬೆಲೆಗೆ ಸಿಗುವ ನಕಲಿ ಡ್ರೈವ್‌ಗಳು ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ತೋರಿಸಿ, ಅದು ತುಂಬಿದ ಮೇಲೆ ಬಂದ ಮಾಹಿತಿಯನ್ನು ನುಂಗಿಬಿಡುತ್ತವೆ. ಆದ್ದರಿಂದ ಪೆನ್ ಡ್ರೈವ್ ಸಾಗಣೆಯ ಚೀಲವೇ ಹೊರತು ತಿಜೋರಿಯಲ್ಲ.

ಕಾನೂನು ಹೇಳುವುದೇನು?

ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. 2023-24ನೇ ಸಾಲಿನ ಗಡುವು 2024ರ ಡಿಸೆಂಬರ್ 31. ಅದರ ಲೆಕ್ಕವನ್ನು 2030ರ ಡಿಸೆಂಬರ್ 31ರವರೆಗೆ ಇಟ್ಟುಕೊಳ್ಳಬೇಕು. ವಿದ್ಯುನ್ಮಾನ ಲೆಕ್ಕಕ್ಕೆ ಸೂಕ್ತ ಮರುಪ್ರತಿ ಇರಬೇಕೆಂದು, ಅವಘಡವಾದರೆ ಸಮಂಜಸ ಅವಧಿಯಲ್ಲಿ ಅದನ್ನು ಮರಳಿ ಪಡೆಯುವಂತಿರಬೇಕೆಂದು 2017ರ ನಿಯಮಗಳ 57ನೇ ನಿಯಮ ವಿಧಿಸುತ್ತದೆ. ಕಂಪನಿಗಳಾದರೆ, 2022ರ ಆಗಸ್ಟ್ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಮರುಪ್ರತಿ ಇಡಬೇಕು. "ಡ್ರೈವ್ ಕೆಟ್ಟಿತು" ಎಂಬುದು ಸಮಜಾಯಿಷಿಯಾಗದು.

ಮಾಡಬೇಕಾದುದು

ಒಂದೇ ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಎರಡು ಗಣಕಯಂತ್ರಗಳಿದ್ದರೆ ಕಡತಗಳ ವಿನಿಮಯಕ್ಕೆ ಪೆನ್ ಡ್ರೈವ್ ಬೇಕಿಲ್ಲ. ಎರಡನ್ನೂ ಒಂದೇ ರೌಟರಿಗೆ ಸೇರಿಸಿ, ಒಂದರಲ್ಲಿನ ಫೋಲ್ಡರನ್ನು ಇನ್ನೊಂದಕ್ಕೆ ಹಂಚಿಕೊಳ್ಳಬಹುದು. ಹಿಂದೆ ವಿಂಡೋಸ್‌ನಲ್ಲಿದ್ದ ಹೋಮ್‌ಗ್ರೂಪ್ ಸೌಲಭ್ಯವನ್ನು 2018ರಲ್ಲಿ ತೆಗೆದುಹಾಕಲಾಯಿತು. ಈಗ ಬಳಕೆದಾರರ ಹೆಸರು, ಗುಪ್ತಪದಗಳೊಡನೆ ಫೋಲ್ಡರ್ ಹಂಚುವುದೇ ಕ್ರಮ. ಗುಪ್ತಪದವಿಲ್ಲದೆ ಎಲ್ಲರಿಗೂ ತೆರೆದಿಡಬಾರದು. 2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಕಡತ ಹಂಚಿಕೆಯ ಹಳೆಯ ವ್ಯವಸ್ಥೆಯ ದೋಷದ ಮೂಲಕವೇ. ಒಂದೇ ಲೆಕ್ಕವನ್ನು ಇಬ್ಬರು ಏಕಕಾಲಕ್ಕೆ ಬರೆಯುವುದಾದರೆ ಲೆಕ್ಕದ ತಂತ್ರಾಂಶಕ್ಕೆ ಬಹುಬಳಕೆದಾರರ ಪರವಾನಗಿಯೂ ಅಗತ್ಯ.

ಆದರೆ ಈ ಜೋಡಣೆ ಮಂಡ್ಯದ ಅಂಗಡಿಯಿಂದ ಮದ್ದೂರಿನ ಮನೆಗೆ ತಾನಾಗಿ ತಲುಪದು. ಅಲ್ಲಿಗೆ ಅಂತರ್ಜಾಲದ ಸಂಗ್ರಹ ಸೇವೆಯೇ ಅನುಕೂಲ. ಒಟ್ಟಿನಲ್ಲಿ ಲೆಕ್ಕಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಅಂಗಡಿಯ ಹೊರಗಿರಲಿ. ತಿಂಗಳಿಗೊಮ್ಮೆ ಮರುಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ತಾಳೆಯಾಗುವುದೇ ಎಂದು ನೋಡಿ. ತೆರೆದು ನೋಡದ ಮರುಪ್ರತಿ ಇದ್ದೂ ಇಲ್ಲದಂತೆ. ಡ್ರೈವ್ ಕೆಟ್ಟರೆ ಮಾತ್ರ ಅದನ್ನು ಫಾರ್ಮ್ಯಾಟ್ ಮಾಡದೆ, ಅದರ ಮೇಲೆ ಏನನ್ನೂ ಬರೆಯದೆ ತಜ್ಞರಿಗೆ ಒಪ್ಪಿಸಿ.

ನಮ್ಮ ಹಿರಿಯ ವರ್ತಕರು ದಿನದ ಕಿರ್ದಿ ಮುಗಿಸದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಆ ಶಿಸ್ತಿಗೆ ಹತ್ತು ನಿಮಿಷದ ಮರುಪ್ರತಿಯನ್ನು ಸೇರಿಸಿಕೊಳ್ಳುವುದು ಹೊರೆಯೇನಲ್ಲ. ಆ ಲೆಕ್ಕದಲ್ಲಿರುವುದು ನಮ್ಮ ಹಣ ಮಾತ್ರವಲ್ಲ, ನಮ್ಮನ್ನು ನಂಬಿ ಬಂದ ರೈತರ ಹಣವೂ ಹೌದು.