ಲಿಥಿಯಂ ಮಾತ್ರೆಯೂ ಕೊಯ್ಲಿನ ಬಿಸಿಲೂ

ಸದಸ್ಯ ಬಾಂಧವರ ಕೆಲವು ಮನೆಗಳಲ್ಲಿ ಬೈಪೋಲಾರ್ ಕಾಯಿಲೆಗೆ ಔಷಧ ನಡೆಯುತ್ತಿದೆ. ಕೆಲಕಾಲ ನಿದ್ರೆಯಿಲ್ಲದ ಅತಿ ಹುರುಪು, ಕೈಮೀರಿದ ಖರ್ಚು; ಮತ್ತೆ ಕೆಲಕಾಲ ತೋಟದ ಕಡೆ ತಲೆಹಾಕಲೂ ಮನಸ್ಸಿಲ್ಲದ ಖಿನ್ನತೆ. ಇದನ್ನು ಹತೋಟಿಯಲ್ಲಿಡುವ ಔಷಧಗಳ ಪೈಕಿ ಲಿಥಿಯಂ ಹಳೆಯದು. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. ಇಂದಿಗೂ ವೈದ್ಯರು ಇದನ್ನು ನೆಚ್ಚಿಕೊಂಡಿದ್ದಾರೆ.

ಆದರೆ ಸಣ್ಣಗೆ ಕೈನಡುಕ, ಬಾಯಾರಿಕೆ, ಪದೇಪದೇ ಮೂತ್ರ, ಮೈತೂಕ ಏರುವುದು ಇವುಗಳಿಂದ ಬೇಸತ್ತು ಕೆಲವರು ಮಾತ್ರೆಯನ್ನೇ ಬಿಡುತ್ತಾರೆ. ಹೀಗೆ ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ, ಜೀವಕ್ಕೇ ಅಪಾಯವಾದೀತು. ನಡುಕ ಹೆಚ್ಚಿದ್ದರೆ ವೈದ್ಯರು ಪ್ರಮಾಣ ತಗ್ಗಿಸಬಹುದು, ಬೇರೆ ಮಾತ್ರೆ ಸೇರಿಸಬಹುದು. ಅಲ್ಲಿಯವರೆಗೆ ಅಡಿಕೆ ಮರ ಹತ್ತುವ ಕೆಲಸ ಬೇಡ. ಬಾಯಾರಿಕೆಗೆ ನೀರು ಕುಡಿಯಿರಿ. ಸಕ್ಕರೆ ಪಾನಕ ಕುಡಿದರೆ ತೂಕ ಇನ್ನಷ್ಟು ಏರುತ್ತದೆ.

ನಮ್ಮಂಥವರು ಮುಖ್ಯವಾಗಿ ತಿಳಿಯಬೇಕಾದದ್ದು ಬೇರೆಯಿದೆ. ಲಿಥಿಯಂ ಉಪ್ಪಿನ ಜಾತಿಯದು. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡವು ಅದನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಬಿಸಿಲಿನಲ್ಲಿ ದಿನವಿಡೀ ಬೆವರು ಸುರಿಸಿದಾಗ, ವಾಂತಿಭೇದಿಯಾದಾಗ ಹೀಗಾಗುತ್ತದೆ. ತಾವಾಗಿಯೇ ಉಪ್ಪು ಬಿಡುವ ಪಥ್ಯವೂ ಬೇಡ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳೂ ಮಟ್ಟವನ್ನು ಏರಿಸುತ್ತವೆ. ಔಷಧದ ಅಂಗಡಿಯವರು ಇದನ್ನು ಕೇಳುವುದು ಅಪರೂಪ, ನಾವೇ ಹೇಳಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳದ್ದೂ ಇದೇ ಕಥೆ.

ಕಾಫಿ ಬೆಳೆಗಾರರಿಗೆ ಇನ್ನೊಂದು ಮಾತು. ಕಾಫಿ ಕುಡಿದರೆ ಲಿಥಿಯಂ ಮೂತ್ರದಲ್ಲಿ ಹೆಚ್ಚು ಹೋಗುತ್ತದೆ. ದಿನಕ್ಕೆ ಆರು ಲೋಟ ಕುಡಿಯುವವರು ಯಾರದೋ ಮಾತು ಕೇಳಿ ಒಮ್ಮೆಲೇ ನಿಲ್ಲಿಸಿದರೆ ಮಟ್ಟ ಏರೀತು. ಬಿಡುವುದಾದರೆ ವೈದ್ಯರಿಗೆ ತಿಳಿಸಿ, ನಿಧಾನವಾಗಿ ಬಿಡಿ.

ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಕುಡಿದಿದ್ದಾನೆಂದು ಬೈಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದಿನ ಮಾತ್ರೆಯನ್ನು ವೈದ್ಯರು ನೋಡುವವರೆಗೆ ಕೊಡಬೇಡಿ.

ರಕ್ತಪರೀಕ್ಷೆ ತಪ್ಪಿಸಬಾರದು. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಆದುದರಿಂದ ರಾತ್ರಿ 9ಕ್ಕೆ ನುಂಗಿದವರು ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆಯಿದ್ದರೆ ಅದಕ್ಕೂ ಮುಂಚೆ, ಪ್ರಯೋಗಾಲಯದಲ್ಲಿರಬೇಕು. ಥೈರಾಯ್ಡ್, ಮೂತ್ರಪಿಂಡಗಳ ಪರೀಕ್ಷೆಯೂ ಆಗಾಗ ಆಗಬೇಕು. ಕೊಯ್ಲು ಮುಗಿಯಲಿ ಎಂದು ಇದನ್ನು ಮುಂದೂಡುವುದು ನನಗೆ ಸರಿಕಾಣದು.

ಮಾನಸಿಕ ಆರೋಗ್ಯದ ಸಲಹೆಗೆ 2022ರಿಂದ ಸರ್ಕಾರದ ಟೆಲಿ ಮಾನಸ್ ದೂರವಾಣಿ ಇದೆ. ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.