ಶಿಶುಗಳು ಮತ್ತು ಚಿಕ್ಕ ಮಕ್ಕಳಲ್ಲಿ ಅಲರ್ಜಿಯ ಮುನ್ಸೂಚನೆ: ಜೈವಿಕ ಸೂಚಕಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಮಗುವಿಗೆ ಮುಂದೆ ಅಲರ್ಜಿ ಬರುವುದೇ ಎಂಬುದನ್ನು ತಿಳಿಯಲು ರಕ್ತ ಪರೀಕ್ಷೆ ಮಾಡಬೇಕೆಂದು ಅನೇಕ ಪೋಷಕರು ಆಸ್ಪತ್ರೆಗಳಲ್ಲಿ ಕೋರುವುದುಂಟು. ಪರೀಕ್ಷೆಯ ವರದಿಯನ್ನು ತಪ್ಪಾಗಿ ತಿಳಿದು ಹಾಲು, ಮೊಟ್ಟೆ, ಬೇಳೆಕಾಳುಗಳನ್ನು ಮಗುವಿನ ಆಹಾರದಿಂದ ಕೈಬಿಟ್ಟಲ್ಲಿ ಮಗು ಅಪೌಷ್ಟಿಕತೆಗೆ ಒಳಗಾಗುವ ಅಪಾಯವಿರುತ್ತದೆ. ಆದ್ದರಿಂದ ಈ ಪರೀಕ್ಷೆಗಳಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಲರ್ಜಿ ಎಂದರೇನು?

ಸಾಮಾನ್ಯವಾಗಿ ಅಪಾಯಕಾರಿಯಲ್ಲದ ಆಹಾರ, ಪರಾಗ, ದೂಳು ಮುಂತಾದ ವಸ್ತುಗಳಿಗೆ ದೇಹದ ರೋಗನಿರೋಧಕ ವ್ಯವಸ್ಥೆಯು ಅತಿಯಾಗಿ ಪ್ರತಿಕ್ರಿಯಿಸುವುದನ್ನು ಅಲರ್ಜಿ ಎನ್ನಲಾಗುತ್ತದೆ. ಈ ಪದವನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅವರು ಮೊದಲು ಬಳಸಿದರು. ಶೈಶವದಲ್ಲಿ ಇದು ಹೆಚ್ಚಾಗಿ ಇಸುಬು ಅಥವಾ ಆಹಾರದ ಅಲರ್ಜಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಂತಹ ಕೆಲವು ಮಕ್ಕಳಲ್ಲಿ ಮುಂದೆ ಉಬ್ಬಸ ಹಾಗೂ ಮೂಗಿನ ಅಲರ್ಜಿ ತಲೆದೋರಬಹುದು.

ಜೈವಿಕ ಸೂಚಕ ಎಂದರೇನು?

ರಕ್ತ, ಚರ್ಮ ಅಥವಾ ವಂಶವಾಹಿಯಲ್ಲಿ ಅಳೆಯಬಹುದಾದ, ರೋಗದ ಇರುವಿಕೆಯನ್ನಾಗಲಿ ಸಾಧ್ಯತೆಯನ್ನಾಗಲಿ ಸೂಚಿಸುವ ಲಕ್ಷಣವೇ ಜೈವಿಕ ಸೂಚಕ. ಅಲರ್ಜಿಗೆ ಸಂಬಂಧಿಸಿದ ಪ್ರಮುಖ ಸೂಚಕಗಳು ಈ ಕೆಳಕಂಡಂತಿವೆ.

1. ಐಜಿಇ ಪ್ರತಿಕಾಯ: ಅಲರ್ಜಿ ಪ್ರತಿಕ್ರಿಯೆಗಳಲ್ಲಿ ಮುಖ್ಯ ಪಾತ್ರ ವಹಿಸುವ ಈ ಪ್ರತಿಕಾಯವನ್ನು 1960ರ ದಶಕದಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳು ಹಾಗೂ ಸ್ವೀಡನ್‌ನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಅವರು ಪ್ರತ್ಯೇಕವಾಗಿ ಗುರುತಿಸಿದರು. ರಕ್ತದಲ್ಲಿ ಇದರ ಒಟ್ಟು ಪ್ರಮಾಣವನ್ನಾಗಲಿ, ನಿರ್ದಿಷ್ಟ ವಸ್ತುವಿನ ವಿರುದ್ಧದ ಪ್ರಮಾಣವನ್ನಾಗಲಿ ಅಳೆಯಬಹುದಾಗಿದೆ.

2. ಹೊಕ್ಕುಳಬಳ್ಳಿ ರಕ್ತದ ಐಜಿಇ: ಜನನದ ಸಮಯದಲ್ಲಿಯೇ ಇದನ್ನು ಅಳೆದು ಅಲರ್ಜಿಯನ್ನು ಮುಂಚಿತವಾಗಿ ತಿಳಿಯುವ ಪ್ರಯತ್ನಗಳು ನಡೆದಿವೆ. ಆದರೆ ಮುಂದೆ ಅಲರ್ಜಿ ಬರುವ ಬಹುಪಾಲು ಮಕ್ಕಳಲ್ಲಿ ಜನನದ ವೇಳೆ ಈ ಪ್ರಮಾಣವು ಹೆಚ್ಚಿರುವುದಿಲ್ಲ. ಆದಕಾರಣ ಎಲ್ಲ ನವಜಾತ ಶಿಶುಗಳಿಗೆ ಈ ಪರೀಕ್ಷೆಯನ್ನು ಶಿಫಾರಸು ಮಾಡಲಾಗುವುದಿಲ್ಲ.

3. ಚರ್ಮದ ಚುಚ್ಚು ಪರೀಕ್ಷೆ: ಶಂಕಿತ ವಸ್ತುವಿನ ಸಾರದ ಹನಿಯನ್ನು ಚರ್ಮದ ಮೇಲಿಟ್ಟು ಲಘುವಾಗಿ ಚುಚ್ಚಿ, 15ರಿಂದ 20 ನಿಮಿಷಗಳ ನಂತರ ಉಂಟಾಗುವ ದದ್ದನ್ನು ಅಳೆಯಲಾಗುತ್ತದೆ. ದದ್ದು 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದಲ್ಲಿ ಸಾಮಾನ್ಯವಾಗಿ ಧನಾತ್ಮಕವೆಂದು ಪರಿಗಣಿಸಲಾಗುತ್ತದೆ.

4. ಇಯೊಸಿನೋಫಿಲ್ ರಕ್ತಕಣಗಳು: 2000ದಲ್ಲಿ ಅಮೆರಿಕದ ಟ್ಯೂಸಾನ್ ನಗರದ ಮಕ್ಕಳ ಅಧ್ಯಯನದ ಆಧಾರದ ಮೇಲೆ ಉಬ್ಬಸದ ಮುನ್ಸೂಚನಾ ಮಾನದಂಡವನ್ನು ರೂಪಿಸಲಾಯಿತು. ಬಿಳಿ ರಕ್ತಕಣಗಳಲ್ಲಿ ಶೇ. 4 ಅಥವಾ ಅದಕ್ಕಿಂತ ಹೆಚ್ಚು ಇಯೊಸಿನೋಫಿಲ್ ಇರುವುದು ಅದರಲ್ಲಿ ಒಂದು ಅಂಶ ಮಾತ್ರ. ಮೊದಲ ಮೂರು ವರ್ಷಗಳಲ್ಲಿ ಎದೆಯಲ್ಲಿ ಸುಯ್ಗುಟ್ಟುವಿಕೆ, ತಂದೆ ಅಥವಾ ತಾಯಿಗೆ ಉಬ್ಬಸ, ಮಗುವಿಗೆ ಇಸುಬು ಅಥವಾ ಮೂಗಿನ ಅಲರ್ಜಿ ಇವುಗಳನ್ನೂ ಅದರೊಂದಿಗೆ ಪರಿಗಣಿಸಲಾಗುತ್ತದೆ.

5. ಫಿಲಾಗ್ರಿನ್ ವಂಶವಾಹಿ: ಚರ್ಮದ ಹೊರಪದರವನ್ನು ಬಲಪಡಿಸುವ ಪ್ರೋಟೀನಿಗೆ ಸಂಬಂಧಿಸಿದ ಈ ವಂಶವಾಹಿಯ ದೋಷಕ್ಕೂ ಇಸುಬಿಗೂ ಇರುವ ಸಂಬಂಧವು 2006ರಲ್ಲಿ ದೃಢಪಟ್ಟಿತು. ದೋಷವಿದ್ದವರೆಲ್ಲರಿಗೂ ಇಸುಬು ಬರುವುದಿಲ್ಲ; ಇಸುಬು ಇರುವವರೆಲ್ಲರಲ್ಲಿಯೂ ಈ ದೋಷವಿರುವುದಿಲ್ಲ.

ವರದಿ ಧನಾತ್ಮಕವಾಗಿದ್ದರೆ ಅಲರ್ಜಿ ಇದೆಯೆಂದೇ ಅರ್ಥವೇ?

ಇಲ್ಲ. ಐಜಿಇ ಅಥವಾ ಚರ್ಮದ ಪರೀಕ್ಷೆಯು ದೇಹವು ಆ ವಸ್ತುವಿಗೆ ಸಂವೇದನೆ ಹೊಂದಿದೆಯೆಂದು ಮಾತ್ರ ತಿಳಿಸುತ್ತದೆ. ಆ ಆಹಾರವನ್ನು ಸೇವಿಸಿದಾಗ ತೊಂದರೆ ಕಾಣಿಸಿಕೊಂಡರೆ ಮಾತ್ರ ಅದು ಅಲರ್ಜಿ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 26.5 ಮಂದಿಯಲ್ಲಿ ಆಹಾರ ಸಂವೇದನೆ ಕಂಡುಬಂದರೂ, ಆಹಾರದ ಅಲರ್ಜಿಯ ಸಂಭವವಿದ್ದವರು ಶೇ. 1.2 ಮಾತ್ರ. ಈ ಅಂತರವನ್ನು ಪೋಷಕರು ವಿಶೇಷವಾಗಿ ಗಮನಿಸತಕ್ಕದ್ದು.

ಜಂತುಹುಳುವಿನ ಬಾಧೆಯಿಂದಲೂ ಒಟ್ಟು ಐಜಿಇ ಮತ್ತು ಇಯೊಸಿನೋಫಿಲ್ ಪ್ರಮಾಣ ಏರುತ್ತದೆ. ಆದುದರಿಂದ ಈ ಎರಡನ್ನೇ ಆಧರಿಸಿ ಅಲರ್ಜಿ ಇದೆಯೆಂದು ನಿರ್ಧರಿಸಲಾಗದು.

ಋಣಾತ್ಮಕ ವರದಿಯೂ ಭವಿಷ್ಯಕ್ಕೆ ಭರವಸೆಯಲ್ಲ. ಲಂಡನ್ನಿನಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 4ರಿಂದ 11 ತಿಂಗಳ 640 ಶಿಶುಗಳನ್ನು ಕುರಿತ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಚರ್ಮದ ಪರೀಕ್ಷೆಯಲ್ಲಿ ಕಡಲೆಕಾಯಿಗೆ ಋಣಾತ್ಮಕವಾಗಿದ್ದ ಶಿಶುಗಳ ಪೈಕಿ, ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ಶೇ. 13.7 ಮಂದಿಗೆ ಐದನೆಯ ವಯಸ್ಸಿಗೆ ಅದರ ಅಲರ್ಜಿ ಉಂಟಾಗಿತ್ತು. ಕ್ರಮವಾಗಿ ತಿನ್ನಿಸಿದವರಲ್ಲಿ ಇದು ಶೇ. 1.9 ಮಾತ್ರ. ಅಂದರೆ ಅಂಜಿಕೆಯಿಂದ ಆಹಾರವನ್ನು ದೂರವಿಡುವುದು ರಕ್ಷಣೆಯಲ್ಲ.

ಯಾರಿಗೆ ಪರೀಕ್ಷೆ ಅಗತ್ಯ?

ಆಹಾರ ಸೇವಿಸಿದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತಗಂಧೆ, ಮುಖದ ಊತ, ವಾಂತಿ ಅಥವಾ ಉಸಿರಾಟದ ತೊಂದರೆ ಕಂಡುಬಂದ ಮಕ್ಕಳಿಗೆ. ಚಿಕಿತ್ಸೆಗೆ ಬಗ್ಗದ ತೀವ್ರ ಇಸುಬು ಇರುವ ಶಿಶುಗಳಿಗೆ. ಹಾಗೂ ಪದೇ ಪದೇ ಉಬ್ಬಸ ಬರುವ ಮಕ್ಕಳಿಗೆ ತಜ್ಞ ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಬಹುದಾಗಿದೆ. ಯಾವುದೇ ಲಕ್ಷಣವಿಲ್ಲದ ಮಗುವಿಗೆ ಹತ್ತಾರು ಆಹಾರಗಳ ಪಟ್ಟಿಯ ಪರೀಕ್ಷೆ ಮಾಡಿಸುವ ಅಗತ್ಯವಿರುವುದಿಲ್ಲ. ಆಹಾರಕ್ಕೆ ಸಂಬಂಧಿಸಿದ ಐಜಿಜಿ4 ಪರೀಕ್ಷೆಯು ಅಲರ್ಜಿಯನ್ನು ನಿರ್ಧರಿಸುವುದಿಲ್ಲವೆಂದು ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆಯು 2008ರಲ್ಲಿಯೇ ಸ್ಪಷ್ಟಪಡಿಸಿದೆ.

ಪೋಷಕರು ಅನುಸರಿಸಬೇಕಾದ ಕ್ರಮಗಳು

• ಮೊದಲ ಆರು ತಿಂಗಳು ಮಗುವಿಗೆ ಎದೆಹಾಲನ್ನು ಮಾತ್ರ ನೀಡುವುದು. ಆನಂತರ ಎದೆಹಾಲಿನೊಂದಿಗೆ ಪೂರಕ ಆಹಾರವನ್ನು ಆರಂಭಿಸುವುದು.
• ಹೊಸ ಆಹಾರಗಳನ್ನು ಒಂದೊಂದಾಗಿ, ಅಲ್ಪ ಪ್ರಮಾಣದಲ್ಲಿ ಪರಿಚಯಿಸುವುದು. ಕಡಲೆಕಾಯಿಯನ್ನು ನುಣ್ಣಗೆ ಅರೆದು ಗಂಜಿಯಲ್ಲಿ ಬೆರೆಸಿ ನೀಡುವುದು. ಇಡಿಯ ಬೀಜವು ಗಂಟಲಲ್ಲಿ ಸಿಲುಕುವ ಅಪಾಯವಿರುವುದರಿಂದ ಚಿಕ್ಕ ಮಕ್ಕಳಿಗೆ ಕೊಡಬಾರದು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿರುವ ಶಿಶುವಿಗೆ ಕಡಲೆಕಾಯಿ ನೀಡುವ ಮೊದಲು ವೈದ್ಯರ ಸಲಹೆ ಪಡೆಯುವುದು.
• ವೈದ್ಯರ ಸಲಹೆಯಿಲ್ಲದೆ ಯಾವುದೇ ಪೌಷ್ಟಿಕ ಆಹಾರವನ್ನು ನಿಲ್ಲಿಸಬಾರದು.
• ಮೊಟ್ಟೆಯ ಅಲರ್ಜಿಯ ಕಾರಣದಿಂದ ದಡಾರ-ರುಬೆಲ್ಲಾ ಲಸಿಕೆಯನ್ನು ತಪ್ಪಿಸಬೇಕಾಗಿಲ್ಲ. ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಪ್ರತಿಕ್ರಿಯೆ ಉಂಟಾಗಿದ್ದಲ್ಲಿ ವೈದ್ಯರಿಗೆ ತಿಳಿಸುವುದು.
• ಮನೆಯೊಳಗೆ ಬೀಡಿ, ಸಿಗರೇಟು ಸೇದುವುದನ್ನು ಸಂಪೂರ್ಣವಾಗಿ ನಿಲ್ಲಿಸುವುದು.

ಸೇವೆ ಪಡೆಯುವ ವಿಧಾನ

ಪೋಷಕರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಭೇಟಿ ಮಾಡಬಹುದಾಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜನನದಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಇಸುಬು ಮತ್ತು ಉಬ್ಬಸಗಳೂ ಸೇರಿವೆ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯರಿಂದ ತಪಾಸಣೆಯ ದಿನವನ್ನು ತಿಳಿಯಬಹುದು. ಭೇಟಿಯ ಸಮಯದಲ್ಲಿ ತಾಯಿ ಕಾರ್ಡ್, ಹಿಂದಿನ ಚಿಕಿತ್ಸಾ ಚೀಟಿಗಳು ಹಾಗೂ ಮಗು ತಿಂದ ಆಹಾರ, ತಿಂದ ಸಮಯ, ಕಂಡುಬಂದ ತೊಂದರೆಗಳ ಟಿಪ್ಪಣಿಯನ್ನು ತರುವುದು. ವೈದ್ಯರ ನಿರ್ಧಾರಕ್ಕೆ ಈ ಟಿಪ್ಪಣಿಯು ಹೆಚ್ಚಿನ ನೆರವು ನೀಡುತ್ತದೆ. ಚರ್ಮದ ಪರೀಕ್ಷೆಗೆ ಮುನ್ನ ಮಗುವಿಗೆ ಕೊಡುತ್ತಿರುವ ಅಲರ್ಜಿ ಔಷಧಿಗಳ ವಿವರವನ್ನು ತಪ್ಪದೆ ತಿಳಿಸತಕ್ಕದ್ದು.

ತುರ್ತು ಸಂದರ್ಭ

ಮಗುವಿಗೆ ಉಸಿರಾಟದ ತೊಂದರೆ, ತುಟಿ ಅಥವಾ ನಾಲಿಗೆಯ ಊತ, ಅತಿಯಾದ ಸುಸ್ತು, ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡಿ ಸಮೀಪದ ಆಸ್ಪತ್ರೆಗೆ ಕರೆದೊಯ್ಯಲು ಕೋರಲಾಗಿದೆ. ಇಂತಹ ಸಂದರ್ಭದಲ್ಲಿ ಚಿಕಿತ್ಸೆಯೇ ಮೊದಲು; ಪರೀಕ್ಷೆ ಆನಂತರ.